ಮಗುವಿಗೆ ಜ್ವರ ಬಂದಾಗ: ಕಷಾಯ, ಒದ್ದೆ ಬಟ್ಟೆ, ಸಕ್ಕರೆ ಗುಳಿಗೆ – ಯಾವುದು ಎಲ್ಲಿಯವರೆಗೆ?

ಮಳೆಗಾಲ ಶುರುವಾದರೆ ಸಾಕು, ಮೈಸೂರು-ಮಂಡ್ಯ ಕಡೆಯ ಓದುಗರಿಂದ ಇವೇ ನಾಲ್ಕು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಇಂಗ್ಲಿಷ್ ಔಷಧಿ ಕೊಡದೆ ಜ್ವರ ಇಳಿಸಬಹುದಾ? ಅಮೃತಬಳ್ಳಿ ಎಷ್ಟು ಕೊಡಬೇಕು? ಹೋಮಿಯೋಪತಿಯ ಬೆಲ್ಲಡೋನಾ ಮನೆಯಲ್ಲಿದೆ, ಅದು ಸಾಕಾ? ಯಾವಾಗ ಡಾಕ್ಟರ ಹತ್ತಿರ ಓಡಬೇಕು? ನಾಲ್ಕಕ್ಕೂ ಒಟ್ಟಿಗೆ, ಹಂತ ಹಂತವಾಗಿ ಉತ್ತರ ಇಲ್ಲಿದೆ. ಆತುರದಲ್ಲಿರುವವರು ನೇರ 6ನೇ ಹಂತಕ್ಕೆ ಹೋಗಿ, ಅಪಾಯದ ಲಕ್ಷಣಗಳನ್ನು ನೋಡಿಕೊಂಡು ಆಮೇಲೆ ಇಲ್ಲಿಗೆ ಬನ್ನಿ.

ಎಲ್ಲಕ್ಕೂ ಮೊದಲು ಒಂದು ಮಾತು. ಮಗುವಿಗೆ ಮೂರು ತಿಂಗಳು ತುಂಬಿಲ್ಲವೇ? ಹಾಗಿದ್ದರೆ ಈ ಲೇಖನ ನಿಮಗಲ್ಲ. ಅಷ್ಟು ಎಳೆಯ ಕೂಸಿನ ಮೈ ಬಿಸಿಯಾಗಿದ್ದರೆ ಕಷಾಯವೂ ಬೇಡ, ಗುಳಿಗೆಯೂ ಬೇಡ, ಪ್ಯಾರಾಸಿಟಮಾಲ್ ಕೂಡ ಬೇಡ. ಎದೆಹಾಲು ಕುಡಿಸುತ್ತಾ ಆಗಲೇ ಆಸ್ಪತ್ರೆಗೆ ಹೊರಡಿ. ಆ ವಯಸ್ಸಿನಲ್ಲಿ ರಕ್ತದ ಸೋಂಕು ಇದ್ದರೂ ಹೊರಗೆ ಕಾಣುವುದು ಬರೀ ಜ್ವರ. ಕೆಲವೊಮ್ಮೆ ಅದೂ ಇಲ್ಲದೆ ಮೈ ತಣ್ಣಗಾಗಿ, ಹಾಲು ಬಿಟ್ಟು ಮಲಗಿರುತ್ತದೆ. ಅದೂ ಅಷ್ಟೇ ಅಪಾಯ.

ಜ್ವರ ಅಂದರೆ ಏನು ನಡೆಯುತ್ತಿದೆ?

ಮೆದುಳಿನ ಒಳಗೆ ಹೈಪೋಥಲಾಮಸ್ ಎಂಬ ಸಣ್ಣ ಭಾಗವಿದೆ. ಮೈಯ ಬಿಸಿ ಎಷ್ಟಿರಬೇಕು ಎಂದು ಗೊತ್ತುಮಾಡುವುದು ಅದೇ. ವೈರಸ್ಸೋ ಬ್ಯಾಕ್ಟೀರಿಯಾವೋ ಒಳಹೊಕ್ಕಾಗ ಅದು ಆ ಮಟ್ಟವನ್ನು ಏರಿಸುತ್ತದೆ. 98.6 ಇದ್ದದ್ದು 102 ಆಗಬೇಕು ಅಂತ ಅಪ್ಪಣೆಯಾದರೆ ಮೈ ಅಲ್ಲಿಗೆ ಮುಟ್ಟುವ ತನಕ ನಡುಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ಚಳಿ ಜ್ವರ ಅನ್ನುವುದು ಇದನ್ನೇ. ಮಟ್ಟ ಇಳಿದಾಗ ಬೆವರು ಕಿತ್ತುಕೊಂಡು ಬರುತ್ತದೆ. ಇಷ್ಟು ಗೊತ್ತಿದ್ದರೆ, ನಡುಗುತ್ತಿರುವ ಮಗುವಿನ ಮೇಲೆ ತಣ್ಣೀರು ಯಾಕೆ ಹಾಕಬಾರದು, ಬೆವರುತ್ತಿರುವ ಮಗುವಿಗೆ ಕಂಬಳಿ ಯಾಕೆ ಹೊದೆಸಬಾರದು ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ.

‘ಜ್ವರ ತಲೆಗೇರಿ ಮೆದುಳಿಗೆ ಪೆಟ್ಟಾಗುತ್ತದೆ’ ಎಂಬ ಭಯ ಹಳೆಯದು. ಸಾಮಾನ್ಯ ಸೋಂಕಿನ ಜ್ವರ 107.6 ಡಿಗ್ರಿ ದಾಟದೆ ಮೆದುಳಿಗೆ ಹಾನಿ ಮಾಡುವುದಿಲ್ಲ, ಅಷ್ಟು ಏರುವುದೂ ಅಪರೂಪ. ಮೆದುಳಿಗೆ ಪೆಟ್ಟು ಕೊಡುವುದು ಜ್ವರದ ಹಿಂದೆ ಇರಬಹುದಾದ ಕಾಯಿಲೆ, ಅಂದರೆ ಮೆದುಳು ಜ್ವರ, ಮೆನಿಂಜೈಟಿಸ್‌ನಂಥವು. ಹಾಗಾಗಿ ನಿಮ್ಮ ಕಣ್ಣು ಥರ್ಮಾಮೀಟರಿಗಿಂತ ಹೆಚ್ಚು ಹೊತ್ತು ಮಗುವಿನ ಮೇಲಿರಲಿ. 103 ಇದ್ದೂ ಆಟದ ಸಾಮಾನು ಕೇಳುವ ಮಗುವಿಗಿಂತ, 100.5 ಇದ್ದು ಸಪ್ಪಗೆ ಬಿದ್ದುಕೊಂಡು ಕರೆದರೂ ತಿರುಗದ ಮಗುವಿನ ಬಗ್ಗೆ ಹೆಚ್ಚು ಗಾಬರಿಪಡಿ.

ಮನೆಯಲ್ಲಿ ಇರಬೇಕಾದದ್ದು

ಡಿಜಿಟಲ್ ಥರ್ಮಾಮೀಟರ್ ಒಂದು, ಮಿ.ಲೀ. ಗೆರೆ ಇರುವ ಔಷಧಿಯ ಸಿರಿಂಜ್ ಅಥವಾ ಅಳತೆ ಮುಚ್ಚಳ, ಮಗುವಿಗೆ ಡಾಕ್ಟರು ಬರೆದುಕೊಟ್ಟ ಪ್ಯಾರಾಸಿಟಮಾಲ್ ಸಿರಪ್, ಓಆರ್‌ಎಸ್ ಪೊಟ್ಟಣ ಎರಡು, ಒಂದು ಸಣ್ಣ ನೋಟ್‌ಬುಕ್ಕು ಮತ್ತು ಪೆನ್ನು. ಮಗುವಿನ ಈಗಿನ ತೂಕವೂ ಗೊತ್ತಿರಬೇಕು. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಗುತ್ತಾರಲ್ಲ, ಅದನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

1. ಮೊದಲು ಅಳೆಯಿರಿ

ಹಣೆ ಮುಟ್ಟಿ ‘ಸುಡ್ತಿದೆ’ ಅನ್ನುವುದು ಅಳತೆಯಲ್ಲ. ಒಲೆ ಮುಂದಿನಿಂದ ಎದ್ದು ಬಂದ ಕೈಗೆ ಮಗು ತಣ್ಣಗೆ ಕಾಣುತ್ತದೆ, ಪಾತ್ರೆ ತೊಳೆದ ಕೈಗೆ ಅದೇ ಮಗು ಕೆಂಡ. ಐದು ವರ್ಷದೊಳಗಿನವರಿಗೆ ಕಂಕುಳಲ್ಲಿ ಅಳೆಯಿರಿ. ಬೆವರು ಒರೆಸಿ, ಥರ್ಮಾಮೀಟರಿನ ತುದಿ ಕಂಕುಳ ಗುಳಿಗೆ ಸರಿಯಾಗಿ ಕೂರುವಂತೆ ಇಟ್ಟು, ತೋಳನ್ನು ಮೈಗೆ ಒತ್ತಿ ಹಿಡಿದು, ಬೀಪ್ ಅನ್ನುವ ತನಕ ಕಾಯಿರಿ. ಸ್ನಾನ ಮಾಡಿಸಿದ, ಬಿಸಿ ಹಾಲು ಕುಡಿಸಿದ, ಕಂಬಳಿಯಿಂದ ಎತ್ತಿದ ಕೂಡಲೇ ಬೇಡ. ಅರ್ಧ ಗಂಟೆ ಬಿಡಿ. ಹಣೆಗೆ ಹಿಡಿಯುವ ಗನ್ನು ಗಾಳಿ, ಬೆವರು ಎಲ್ಲಕ್ಕೂ ಲೆಕ್ಕ ತಪ್ಪುತ್ತದೆ. ಅದು ತೋರಿಸಿದ್ದರ ಮೇಲೆ ಅನುಮಾನ ಬಂದರೆ ಕಂಕುಳಲ್ಲಿ ಮತ್ತೊಮ್ಮೆ ನೋಡಿ.

ಕಂಕುಳಲ್ಲಿ 99.5 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಇದ್ದರೆ ಜ್ವರ. ಒಳಮೈಯ ಬಿಸಿ ಇದಕ್ಕಿಂತ ಅರ್ಧದಿಂದ ಒಂದು ಡಿಗ್ರಿ ಹೆಚ್ಚೇ ಇರುತ್ತದೆ. ಸೆಲ್ಸಿಯಸ್ ತೋರಿಸುವ ಥರ್ಮಾಮೀಟರಾದರೆ ಅದೇ 37.5.

ಬರೆದಿಡಿ. ಹೀಗೆ: ‘ರಾತ್ರಿ 9:10 – ಕಂಕುಳು 102.4 – 120ರ ಸಿರಪ್ 6 ಮಿ.ಲೀ. – 8 ಗಂಟೆಗೆ ಉಚ್ಚೆ ಹೊಯ್ದಿತು – ಗಂಜಿ ನಾಲ್ಕು ಚಮಚ.’ (120ರ ಸಿರಪ್ ಅಂದರೇನು ಎಂಬುದು 5ನೇ ಹಂತದಲ್ಲಿದೆ.) ರಾತ್ರಿ ಎರಡು ಗಂಟೆಗೆ ಅಜ್ಜಿ ಒಂದು ಸಲ, ಮೂರು ಗಂಟೆಗೆ ಅಪ್ಪ ಇನ್ನೊಂದು ಸಲ ಔಷಧಿ ಕೊಡುವ ಅಚಾತುರ್ಯ ಈ ಒಂದು ಸಾಲಿನಿಂದ ತಪ್ಪುತ್ತದೆ.

2. ಕುಡಿಸಿ, ಕುಡಿಸುತ್ತಲೇ ಇರಿ

ಜ್ವರದ ಮನೆಮದ್ದುಗಳಲ್ಲಿ ನಿಜವಾಗಿ ಕೆಲಸ ಮಾಡುವುದು ಇದು. ಮೈ ಬಿಸಿಯಾದಷ್ಟೂ ಉಸಿರಿನಲ್ಲಿ, ಬೆವರಿನಲ್ಲಿ ನೀರು ಹೋಗುತ್ತದೆ. 10 ಕೆ.ಜಿ. ತೂಕದ ಮಗುವಿಗೆ ಆರೋಗ್ಯವಾಗಿದ್ದಾಗಲೇ ದಿನಕ್ಕೆ ಸುಮಾರು ಒಂದು ಲೀಟರ್ ನೀರಿನಂಶ ಬೇಕು, ಹಾಲು-ಗಂಜಿ ಎಲ್ಲ ಸೇರಿ. ಜ್ವರದಲ್ಲಿ ಅದಕ್ಕಿಂತ ಹೆಚ್ಚು. ಒಂದೇ ಸಲ ಲೋಟ ಹಿಡಿದರೆ ವಾಂತಿಯಾಗುತ್ತದೆ. ಐದೈದು ನಿಮಿಷಕ್ಕೆ ಎರಡು ಚಮಚ, ಎಳೆಯ ಮಗುವಾದರೆ ಒಳಲೆಯಲ್ಲಿ ಸ್ವಲ್ಪ ಸ್ವಲ್ಪ.

ಆರು ತಿಂಗಳೊಳಗಿನವರಿಗೆ ಎದೆಹಾಲು ಮಾತ್ರ, ಕೇಳಿದಾಗಲೆಲ್ಲ. ನೀರೂ ಬೇಡ. ‘ತಾಯಿ ಮೊಸರು ತಿಂದಿದ್ದಕ್ಕೆ ಹಾಲು ಶೀತವಾಗಿದೆ, ಎರಡು ದಿನ ಹಾಲು ನಿಲ್ಲಿಸು’ ಅನ್ನುವ ಹಿರಿಯರು ಈಗಲೂ ಇದ್ದಾರೆ. ಕೇಳಬೇಡಿ. ಜ್ವರದ ಮಗುವಿಗೆ ಹಾಲು ನಿಲ್ಲಿಸುವುದರಷ್ಟು ಕೆಟ್ಟದ್ದು ಬೇರೆ ಇಲ್ಲ.

ಆರು ತಿಂಗಳು ದಾಟಿದವರಿಗೆ ನಮ್ಮ ಕಡೆ ಸುಲಭವಾಗಿ ಸಿಗುವುವು:

ಅಕ್ಕಿ ತರಿ ಗಂಜಿ. ಒಂದು ಹಿಡಿ ಅಕ್ಕಿಯನ್ನು ಘಮ್ಮೆನ್ನುವ ತನಕ ಹುರಿದು, ಮಿಕ್ಸಿಯಲ್ಲಿ ತರಿತರಿಯಾಗಿ ಒಡೆದಿಟ್ಟುಕೊಳ್ಳಿ. ಎರಡು ಚಮಚ ತರಿಗೆ ಎರಡು ಲೋಟ ನೀರು, ಚಿಟಿಕೆ ಜೀರಿಗೆ; ಬೆಂದ ಮೇಲೆ ಒಂದು ವರ್ಷ ದಾಟಿದವರಿಗೆ ಚಿಟಿಕೆ ಉಪ್ಪು. ಹುರಿಯದೆ ಬೇಯಿಸಿದರೆ ಅಂಟಂಟಾಗಿ ಮಗು ಉಗಿಯುತ್ತದೆ. ಗಂಜಿ ಗಟ್ಟಿಯಾದರೂ ಉಗಿಯುತ್ತದೆ. ಚಮಚದಿಂದ ತೆಳ್ಳಗೆ ಧಾರೆಯಾಗಿ ಇಳಿಯುವಂತಿರಲಿ.

ರಾಗಿ ಗಂಜಿ ಒಳ್ಳೆಯದೇ, ಆದರೆ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ ಆಮೇಲೆ ಒಲೆಗಿಡಿ. ಹೊಟ್ಟೆ ಭಾರ ಅಂತ ಮಗು ಒಲ್ಲೆ ಎಂದರೆ ಬಲವಂತ ಬೇಡ. ಒಂದೆರಡು ದಿನ ಊಟ ಕಡಿಮೆಯಾದರೆ ಏನೂ ಆಗುವುದಿಲ್ಲ, ನೀರು ಮಾತ್ರ ಕಡಿಮೆಯಾಗಬಾರದು.

ಎಳನೀರು. ಮದ್ದೂರಿನ ಸೀಮೆಯಲ್ಲಿ ಇದಕ್ಕೆ ಬರವಿಲ್ಲ. ಶೀತ ಅಂತ ಹೆದರುವವರೂ ಇದ್ದಾರೆ, ಹೆದರಬೇಕಿಲ್ಲ. ಒಂದು ಎಚ್ಚರ: ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಅಂದರೆ ಉಪ್ಪಿನಂಶ ಕಡಿಮೆ. ಜ್ವರದ ಜೊತೆ ಭೇದಿಯೂ ಆಗುತ್ತಿದ್ದರೆ ಎಳನೀರೊಂದೇ ಸಾಲದು, ಓಆರ್‌ಎಸ್ ಬೇಕು. ಕಿಡ್ನಿ ತೊಂದರೆ ಇರುವ ಮಗುವಿಗೆ ಎಳನೀರು ಡಾಕ್ಟರನ್ನು ಕೇಳದೆ ಕೊಡಬೇಡಿ.

ಓಆರ್‌ಎಸ್ ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟೇ ನೀರಿಗೆ ಪೂರ್ತಿ ಪೊಟ್ಟಣ. ಲೋಟಕ್ಕೊಂದು ಚಮಚ ಅಂತ ಅಂದಾಜಿಗೆ ಹಾಕಿದರೆ ಉಪ್ಪು ಹೆಚ್ಚಾಗಿ ಹೊಸ ತೊಂದರೆಯಾಗುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂಗಡಿಯ ಬಣ್ಣದ ಡಬ್ಬಿಗಳಲ್ಲಿ ಬರುವ ಸಿಹಿ ಪಾನೀಯ ಓಆರ್‌ಎಸ್ ಅಲ್ಲ.

ಸಾಕಷ್ಟು ಕುಡಿಯುತ್ತಿದೆಯೇ ಎಂದು ತಿಳಿಯುವುದು ಉಚ್ಚೆಯಿಂದ. ಆರು ಗಂಟೆಗೆ ಒಮ್ಮೆಯಾದರೂ ಹೊಯ್ಯಬೇಕು, ಬಣ್ಣ ತೆಳುವಾಗಿರಬೇಕು.

3. ಬಟ್ಟೆ, ಗಾಳಿ, ಒದ್ದೆ ಬಟ್ಟೆ

ತೆಳು ಹತ್ತಿ ಬಟ್ಟೆ ಒಂದು ಪದರ. ಸ್ವೆಟರು, ಟೋಪಿ, ಕಾಲುಚೀಲ ತೆಗೆಯಿರಿ. ಫ್ಯಾನ್ ನಿಧಾನಕ್ಕೆ ತಿರುಗಲಿ, ಕಿಟಕಿ ತೆರೆದಿರಲಿ. ಮಗು ನಡುಗುವಾಗ ಮಾತ್ರ ತೆಳು ಹೊದಿಕೆ; ನಡುಕ ನಿಂತ ಕೂಡಲೇ ಅದನ್ನೂ ತೆಗೆಯಿರಿ. ‘ಬೆವರಿದರೆ ಜ್ವರ ಬಿಡುತ್ತೆ’ ಅಂತ ಕಂಬಳಿಯಲ್ಲಿ ಸುತ್ತುವುದು ಕಾರ್ಯ-ಕಾರಣವನ್ನು ತಲೆಕೆಳಗು ಮಾಡಿದಂತೆ. ಜ್ವರ ಬಿಟ್ಟಿದ್ದಕ್ಕೆ ಬೆವರು ಬರುತ್ತದೆ. ಹೊದೆಸಿ ಬರಿಸಿದ ಬೆವರಿನಿಂದ ಹೋಗುವುದು ನೀರು ಮಾತ್ರ.

ಹಣೆಗೆ ಒದ್ದೆ ಬಟ್ಟೆಯ ಪಟ್ಟಿ ಹಾಕಿದರೆ ಮಗುವಿಗೆ ಹಾಯೆನಿಸುತ್ತದೆ, ಅಷ್ಟೇ. ಜ್ವರ ಇಳಿಯುವುದು ಅಲ್ಪ. ಮೈ ಒರೆಸಲೇಬೇಕು ಅನಿಸಿದರೆ ಹೀಗೆ ಮಾಡಿ. ಮೊದಲು ಪ್ಯಾರಾಸಿಟಮಾಲ್ ಕೊಟ್ಟು ಅರ್ಧ ಗಂಟೆ ಕಾಯಿರಿ. ಉಗುರುಬೆಚ್ಚಗಿನ ನೀರು ತೆಗೆದುಕೊಳ್ಳಿ. ಮೊಣಕೈ ಅದ್ದಿದರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಬಟ್ಟೆ ಹಿಂಡಿ ಕುತ್ತಿಗೆ, ಕಂಕುಳು, ತೊಡೆಸಂದಿ, ಬೆನ್ನು ಒರೆಸಿ, ಆರಲು ಬಿಡಿ. ಹತ್ತು-ಹದಿನೈದು ನಿಮಿಷ ಸಾಕು. ನಡುಗಲು ಶುರುವಾದರೆ ಅಥವಾ ಅಳು ಜೋರಾದರೆ ನಿಲ್ಲಿಸಿ. ಫ್ರಿಜ್ ನೀರು, ಐಸು ಬೇಡ. ಅದರಿಂದ ಚರ್ಮದ ರಕ್ತನಾಳ ಮುದುಡಿ, ನಡುಕ ಹುಟ್ಟಿ, ಒಳಗಿನ ಬಿಸಿ ಇನ್ನೂ ಏರುತ್ತದೆ. ಸ್ಪಿರಿಟ್, ಕಲೋನ್ ಹಚ್ಚುವುದಂತೂ ಕೂಡದು. ಚರ್ಮದ ಮೂಲಕ, ಉಸಿರಿನ ಮೂಲಕ ಒಳಗೆ ಹೋಗಿ ಸಣ್ಣ ಮಕ್ಕಳಿಗೆ ವಿಷವಾಗುತ್ತದೆ.

4. ಮನೆಮದ್ದು: ಯಾವುದು ಸರಿ, ಯಾವುದು ಬೇಡ

ಇವುಗಳಲ್ಲಿ ಯಾವುದೂ ಜ್ವರದ ಕಾರಣವನ್ನು ತೆಗೆಯುವುದಿಲ್ಲ. ಗಂಟಲಿಗೆ ಹಿತ, ಬಾಯಿಗೆ ರುಚಿ, ಹೊಟ್ಟೆಗೆ ಒಂದಿಷ್ಟು ನೀರು, ಅಷ್ಟು ಲಾಭ. ಅಷ್ಟಕ್ಕೇ ಮಾಡಿದರೆ ತಪ್ಪೇನಿಲ್ಲ.

ಎರಡು ವರ್ಷ ದಾಟಿದವರಿಗೆ ಧನಿಯಾ ಕಷಾಯ: ಒಂದು ಟೀ ಚಮಚ ಧನಿಯಾ, ಕಾಲು ಚಮಚ ಜೀರಿಗೆ, ಎರಡು ಕಾಳು ಮೆಣಸು, ಕಡಲೆಕಾಳಿನಷ್ಟು ಹಸಿ ಶುಂಠಿ ಜಜ್ಜಿ, ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯುವ ತನಕ ಕುದಿಸಿ, ಸೋಸಿ, ಬೆಲ್ಲ ಹಾಕಿ. ಒಂದು ಸಲಕ್ಕೆ ಕಾಲು ಲೋಟ, ದಿನಕ್ಕೆ ಎರಡು ಸಲ. ದೊಡ್ಡವರ ಅಳತೆಗೆ ಹತ್ತು ಕಾಳು ಮೆಣಸು ಹಾಕಿದರೆ ಮಗುವಿನ ಹೊಟ್ಟೆ ಉರಿದು, ಕುಡಿಸಿದ್ದೆಲ್ಲ ವಾಂತಿಯಾಗುತ್ತದೆ. ಆಗ ನಷ್ಟವೇ ಹೆಚ್ಚು.

ಕೆಮ್ಮು ನೆಗಡಿ ಜೊತೆಗಿದ್ದರೆ ದೊಡ್ಡಪತ್ರೆ ಎಲೆಯನ್ನು ತವೆಯ ಮೇಲೆ ಬಾಡಿಸಿ, ಹಿಂಡಿ, ಅರ್ಧ ಚಮಚ ರಸಕ್ಕೆ ಅಷ್ಟೇ ಜೇನು. ಒಂದು ವರ್ಷ ದಾಟಿದವರಿಗೆ ಮಾತ್ರ. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಲೇಬೇಡಿ. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಎಳೆಯ ಕರುಳಿನಲ್ಲಿ ಅವು ಬೆಳೆದು ವಿಷ ಉಗುಳಿದರೆ ಮಗುವಿನ ಸ್ನಾಯುಗಳು ಸೋತು ಉಸಿರಾಟವೇ ನಿಲ್ಲಬಹುದು. ಬೊಟುಲಿಸಂ ಎಂದರೆ ಇದೇ.

ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಎದೆಗೆ ಬೆನ್ನಿಗೆ ಹಚ್ಚುವುದು ನಮ್ಮಲ್ಲಿ ಮನೆಮನೆಯ ಪದ್ಧತಿ. ಎರಡು ವರ್ಷದೊಳಗಿನವರಿಗೆ ಬೇಡ. ಕರ್ಪೂರ ಚರ್ಮದಿಂದಲೂ ಒಳಗೆ ಹೋಗುತ್ತದೆ, ಫಿಟ್ಸ್ ತರಿಸುತ್ತದೆ. ಆ ಎಣ್ಣೆಯ ಬಟ್ಟಲು ಮಗುವಿನ ಕೈಗೆ ಸಿಗದಿರಲಿ. ನೀಲಗಿರಿ ಎಣ್ಣೆಗೂ ಇದೇ ಮಾತು. ಹೊಟ್ಟೆಗೆ ಸ್ವಲ್ಪ ಹೋದರೂ ವಿಷ. ಅಂಗಡಿಯ ಬಾಮುಗಳಲ್ಲಿ ಇವೆರಡೂ ಇರುತ್ತವೆ, ಡಬ್ಬಿ ತಿರುಗಿಸಿ ಓದಿ. ಸಾಂಬ್ರಾಣಿ ಹೊಗೆ ಕೆಮ್ಮನ್ನು ಹೆಚ್ಚಿಸುತ್ತದೆ, ಜ್ವರದ ದಿನಗಳಲ್ಲಿ ನಿಲ್ಲಿಸಿ.

ಅಮೃತಬಳ್ಳಿ ಬಗ್ಗೆ ಹೆಚ್ಚು ಜನ ಕೇಳುತ್ತಾರೆ. ಕೊರೋನಾ ಕಾಲದಲ್ಲಿ ದಿನವೂ ಕುಡಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದ್ದಾರೆ. ಅದು ದೊಡ್ಡವರ ಮಾತು. ಮಕ್ಕಳಿಗೆ ಎಷ್ಟು ಕೊಡಬೇಕು ಎಂದು ಹೇಳಬೇಕಾದವರು ಮಗುವನ್ನು ನೋಡಿದ ಆಯುರ್ವೇದ ವೈದ್ಯರು, ವಾಟ್ಸಾಪ್ ಅಲ್ಲ. ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದನ್ನೂ ಜ್ವರದ ಮಗುವಿಗೆ ಬಿಡಿ. ಎರಡೂ ಹೆಚ್ಚಾದರೆ ಮಂಪರು ಬರಿಸುತ್ತವೆ. ಮಗು ಮಂಕಾದದ್ದು ಕಾಯಿಲೆಯಿಂದಲೋ ಮದ್ದಿನಿಂದಲೋ ಎಂದು ಡಾಕ್ಟರಿಗೂ ತಿಳಿಯದಂತಾಗುತ್ತದೆ.

ಕಾಲುಚೀಲದಲ್ಲಿ ಈರುಳ್ಳಿ ಇಡುವುದರಿಂದ ಈರುಳ್ಳಿ ದಂಡ, ಬೇರೇನೂ ಇಲ್ಲ. ದೃಷ್ಟಿ ತೆಗೆಯುವುದಿದ್ದರೆ ತೆಗೆಯಿರಿ, ಐದು ನಿಮಿಷದ ಕೆಲಸ, ಮನೆಯವರಿಗೂ ಸಮಾಧಾನ. ಆದರೆ ಬರೆ ಹಾಕಿಸುವುದು ಬೇಡವೇ ಬೇಡ. ಕಾದ ಕಬ್ಬಿಣದ ಗಾಯ ಜ್ವರಕ್ಕೆ ಮದ್ದಲ್ಲ, ಇನ್ನೊಂದು ಸೋಂಕಿಗೆ ಬಾಗಿಲು.

5. ಹೋಮಿಯೋಪತಿ ಗುಳಿಗೆ ಮತ್ತು ಪ್ಯಾರಾಸಿಟಮಾಲ್

ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾನಿಮನ್ 1796ರಲ್ಲಿ ಮಂಡಿಸಿದ ಪದ್ಧತಿ ಇದು. ಆರೋಗ್ಯವಂತನಲ್ಲಿ ಯಾವ ವಸ್ತು ಒಂದು ಲಕ್ಷಣ ಹುಟ್ಟಿಸುತ್ತದೋ, ಅದನ್ನೇ ಅತಿ ತೆಳುವಾಗಿ ಕೊಟ್ಟರೆ ರೋಗಿಯಲ್ಲಿ ಅದೇ ಲಕ್ಷಣ ಶಮನವಾಗುತ್ತದೆ ಎಂಬುದು ತಳಹದಿ. ಜ್ವರಕ್ಕೆ ಸಾಮಾನ್ಯವಾಗಿ ಕೊಡುವವು ನಾಲ್ಕು: ಥಟ್ಟನೆ ಏರಿ ಮುಖ ಕೆಂಪಗಾದರೆ ಬೆಲ್ಲಡೋನಾ, ಚಳಿಗಾಳಿ ತಾಗಿ ಬಂದರೆ ಅಕೋನೈಟ್, ಮೈ ಭಾರವಾಗಿ ತೂಗುತ್ತಿದ್ದರೆ ಜೆಲ್ಸೀಮಿಯಂ, ಶುರುವಿನಲ್ಲಿ ಫೆರಂ ಫಾಸ್.

ಬಾಟಲಿಯ ಮೇಲಿನ ‘30 ಸಿ’ ಅಂದರೆ ಒಂದು ಪಾಲು ಔಷಧಿಗೆ ತೊಂಬತ್ತೊಂಬತ್ತು ಪಾಲು ದ್ರವ ಸೇರಿಸಿ, ಅದರಿಂದ ಒಂದು ಪಾಲು ತೆಗೆದು ಮತ್ತೆ ತೊಂಬತ್ತೊಂಬತ್ತು, ಹೀಗೆ ಮೂವತ್ತು ಸಲ. ಲೆಕ್ಕ ಹಾಕಿದರೆ ಹನ್ನೆರಡನೆಯ ಸಲದ ಆಸುಪಾಸಿಗೇ ಮೂಲ ವಸ್ತುವಿನ ಒಂದು ಅಣು ಉಳಿದರೆ ಹೆಚ್ಚು. 30 ಸಿ ಗುಳಿಗೆಯಲ್ಲಿ ಇರುವುದು ಸಕ್ಕರೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಮಂಡಳಿ ಇದ್ದಬದ್ದ ಅಧ್ಯಯನಗಳನ್ನೆಲ್ಲ ಜಾಲಾಡಿ 2015ರಲ್ಲಿ ಹೇಳಿದ್ದು, ಹೋಮಿಯೋಪತಿ ಗುಣಪಡಿಸುತ್ತದೆ ಎನ್ನಲು ಯಾವ ಕಾಯಿಲೆಯಲ್ಲೂ ನಂಬಲರ್ಹ ಪುರಾವೆಯಿಲ್ಲ ಎಂದು. ‘ನಮ್ಮ ಮಗುವಿಗೆ ಮೂರೇ ದಿನಕ್ಕೆ ವಾಸಿಯಾಯ್ತಲ್ಲ?’ ಆಗುತ್ತದೆ. ಮಕ್ಕಳ ಹೆಚ್ಚಿನ ವೈರಲ್ ಜ್ವರ ಏನೂ ಕೊಡದಿದ್ದರೂ ಮೂರು-ನಾಲ್ಕು ದಿನಕ್ಕೆ ಬಿಡುತ್ತದೆ. ಎರಡನೇ ದಿನ ಕೊಟ್ಟಿದ್ದಕ್ಕೆಲ್ಲ ಕೀರ್ತಿ ಸಲ್ಲುತ್ತದೆ, ಗುಳಿಗೆಯಾದರೂ ಸರಿ, ತಾಯಿತವಾದರೂ ಸರಿ.

ಆದರೂ ಮನೆಯಲ್ಲಿ ನಂಬಿಕೆಯಿದೆ, ಕೊಡುತ್ತೇವೆ ಅನ್ನುವವರು ಇಷ್ಟು ಪಾಲಿಸಿ:

– ನೋಂದಾಯಿತ ಬಿಎಚ್‌ಎಂಎಸ್ ವೈದ್ಯರು ಮಗುವನ್ನು ನೋಡಿ ಕೊಟ್ಟದ್ದಾಗಿರಲಿ. ಪಕ್ಕದ ಮನೆಯ ಡಬ್ಬಿ ಬೇಡ.
– ‘ಮದರ್ ಟಿಂಕ್ಚರ್’ ಎಂದರೆ ತೆಳುಮಾಡದ ಮೂಲ ರಸ. ಬೆಲ್ಲಡೋನಾ, ಅಕೋನೈಟ್ ಎರಡೂ ಮೂಲದಲ್ಲಿ ಘೋರ ವಿಷಗಿಡಗಳು. ಅದನ್ನೂ, 3 ಎಕ್ಸ್, 6 ಎಕ್ಸ್‌ನಂಥ ಕಡಿಮೆ ತೆಳುವಿನವನ್ನೂ ಮಗುವಿಗೆ ಕೊಡಬೇಡಿ. ಹಲ್ಲು ಬರುವಾಗ ಕೊಡುವ ಹೋಮಿಯೋಪತಿ ಮಾತ್ರೆಗಳಲ್ಲಿ ಬೆಲ್ಲಡೋನಾ ಅಂಶ ಮಾತ್ರೆಯಿಂದ ಮಾತ್ರೆಗೆ ಏರುಪೇರಾಗಿದ್ದು, ಕೆಲವದರಲ್ಲಿ ಲೇಬಲ್ಲಿನಲ್ಲಿ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚಿದ್ದುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಪತ್ತೆಮಾಡಿ ಎಚ್ಚರಿಸಿತು.
– ಹನಿ ರೂಪದ್ದರಲ್ಲಿ ಆಲ್ಕೋಹಾಲ್ ಇರುತ್ತದೆ, ಬೇಡ.
– ಗುಳಿಗೆಯನ್ನು ಚಮಚ ನೀರಿನಲ್ಲಿ ಕರಗಿಸಿ ಕೊಡಿ. ಸಣ್ಣ ಮಗುವಿಗೆ ಗಂಟಲಲ್ಲಿ ಸಿಕ್ಕಬಹುದು.
– ಗುಳಿಗೆ ಕೊಟ್ಟಿದ್ದೇವಲ್ಲ ಎಂದು ಕಾಯುತ್ತಾ ಕೂರಬೇಡಿ. 6ನೇ ಹಂತದ ಒಂದು ಲಕ್ಷಣ ಕಂಡರೂ ಗುಳಿಗೆಯ ಪ್ರಯೋಗ ಅಲ್ಲಿಗೆ ಮುಗಿಯಿತು. ಹೋಮಿಯೋಪತಿಯಿಂದ ಆಗುವ ದೊಡ್ಡ ಹಾನಿ ಗುಳಿಗೆಯಿಂದಲ್ಲ, ಕಾದ ಆ ಒಂದು ದಿನದಿಂದ. ಲಸಿಕೆಯ ಬದಲಿಗೆ ಗುಳಿಗೆ ಅನ್ನುವ ಮಾತನ್ನಂತೂ ಕಿವಿಗೇ ಹಾಕಿಕೊಳ್ಳಬೇಡಿ.

ಇನ್ನು ಪ್ಯಾರಾಸಿಟಮಾಲ್. ಥರ್ಮಾಮೀಟರ್ 100 ತೋರಿಸಿದ ಕೂಡಲೇ ಕೊಡಬೇಕಿಲ್ಲ. ಮಗು ಮೈಕೈ ನೋವಿಂದ ಕಿರಿಕಿರಿ ಮಾಡುತ್ತಿದ್ದರೆ, ಕುಡಿಯಲು ಒಲ್ಲೆ ಅನ್ನುತ್ತಿದ್ದರೆ, ನಿದ್ದೆ ಬಾರದಿದ್ದರೆ ಕೊಡಿ. ಮಲಗಿರುವ ಮಗುವನ್ನು ಎಬ್ಬಿಸಿ ಕೊಡಬೇಡಿ.

ಅಳತೆ ತೂಕದ ಮೇಲೆ, ವಯಸ್ಸಿನ ಮೇಲಲ್ಲ. ಒಂದು ಕೆ.ಜಿ.ಗೆ ಒಂದು ಸಲಕ್ಕೆ 10ರಿಂದ 15 ಮಿ.ಗ್ರಾಂ. ಎರಡು ಸಲದ ನಡುವೆ ಕನಿಷ್ಠ ನಾಲ್ಕು ಗಂಟೆ, ಆರು ಗಂಟೆಯಾದರೆ ಒಳ್ಳೆಯದು. ಇಪ್ಪತ್ತನಾಲ್ಕು ಗಂಟೆಯಲ್ಲಿ ನಾಲ್ಕು ಸಲ ಮೀರಬಾರದು.

ಹೆಚ್ಚು ಮನೆಗಳಲ್ಲಿ ಎಡವುವ ಜಾಗ ಮುಂದಿನದು. ಒಂದೇ ಹೆಸರಿನ ಸಿರಪ್ ಎರಡು ಮೂರು ಗಟ್ಟಿತನದಲ್ಲಿ ಬರುತ್ತದೆ. ಒಂದರಲ್ಲಿ 5 ಮಿ.ಲೀ.ಗೆ 120 ಅಥವಾ 125 ಮಿ.ಗ್ರಾಂ, ಇನ್ನೊಂದರಲ್ಲಿ 5 ಮಿ.ಲೀ.ಗೆ 250, ಹನಿ ಔಷಧಿಯಲ್ಲಿ ಒಂದೇ ಮಿ.ಲೀ.ಗೆ 100. ಹೋದ ಸಲ ‘ಒಂದು ಚಮಚ’ ಕೊಟ್ಟದ್ದು 120ರದ್ದು, ಈ ಸಲ ಅಂಗಡಿಯವರು ಕೊಟ್ಟದ್ದು 250ರದ್ದು ಆಗಿದ್ದರೆ ಮಗುವಿಗೆ ಹೋಗುವುದು ಇಮ್ಮಡಿ. ಹನಿ ಔಷಧಿಯನ್ನು ಸಿರಪ್ಪಿನಂತೆ 5 ಮಿ.ಲೀ. ಕೊಟ್ಟರೆ 500 ಮಿ.ಗ್ರಾಂ, ದೊಡ್ಡವರ ಒಂದು ಮಾತ್ರೆ! ಅತಿಯಾದ ಪ್ಯಾರಾಸಿಟಮಾಲ್ ಯಕೃತ್ತನ್ನು ಕೆಡಿಸುತ್ತದೆ, ಮೊದಲ ದಿನ ಏನೂ ಕಾಣುವುದೂ ಇಲ್ಲ.

ಲೆಕ್ಕ ನೋಡಿ. ಮಗು 8 ಕೆ.ಜಿ. ಎಂದರೆ 80ರಿಂದ 120 ಮಿ.ಗ್ರಾಂ. 120ರ ಸಿರಪ್ಪಾದರೆ ಹೆಚ್ಚೆಂದರೆ 5 ಮಿ.ಲೀ., 250ರದ್ದಾದರೆ ಹೆಚ್ಚೆಂದರೆ 2.4 ಮಿ.ಲೀ. 12 ಕೆ.ಜಿ.ಗೆ 120ರದ್ದು 5ರಿಂದ 7.5 ಮಿ.ಲೀ., 250ರದ್ದು 2.4ರಿಂದ 3.6 ಮಿ.ಲೀ. 6 ಕೆ.ಜಿ. ಕೂಸಿಗೆ ಹನಿ ಔಷಧಿ 0.6ರಿಂದ 0.9 ಮಿ.ಲೀ. ಅಡುಗೆಮನೆಯ ಚಮಚ ಬಳಸಬೇಡಿ, ಒಂದೊಂದು ಮನೆಯ ಚಮಚಕ್ಕೆ ಒಂದೊಂದು ಅಳತೆ. ನೆಗಡಿಯ ಸಿರಪ್ಪುಗಳಲ್ಲೂ ಪ್ಯಾರಾಸಿಟಮಾಲ್ ಅಡಗಿರುತ್ತದೆ. ಎರಡನ್ನೂ ಕೊಟ್ಟರೆ ಲೆಕ್ಕ ಎರಡು ಪಟ್ಟು.

ಆಸ್ಪಿರಿನ್ ಮಕ್ಕಳಿಗೆ ಕೂಡದು, ವೈರಲ್ ಜ್ವರದಲ್ಲಿ ಕೊಟ್ಟರೆ ಮೆದುಳಿಗೂ ಯಕೃತ್ತಿಗೂ ಒಟ್ಟಿಗೆ ಪೆಟ್ಟು ಕೊಡುವ ‘ರೈಸ್ ಸಿಂಡ್ರೋಮ್’ ಬರಬಹುದು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ನಮ್ಮ ದೇಶ 2011ರಲ್ಲೇ ನಿಷೇಧಿಸಿದೆ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಎರಡನ್ನೂ ಡಾಕ್ಟರು ಹೇಳದೆ ಕೊಡಬೇಡಿ. ಡೆಂಗ್ಯೂ ಇದ್ದರೆ ಇವು ರಕ್ತಸ್ರಾವ ಹೆಚ್ಚಿಸುತ್ತವೆ. ಉಳಿದ ಆಂಟಿಬಯಾಟಿಕ್ ಬಾಟಲಿ ಫ್ರಿಜ್ಜಿನಲ್ಲಿದ್ದರೆ ಚೆಲ್ಲಿ. ‘ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ’ ಅಂತ ಒತ್ತಾಯಿಸುವುದನ್ನೂ ಬಿಡಿ. ಹಾಕಿಸಿಕೊಂಡದ್ದು ಏನೆಂದು ನಿಮಗೆ ಗೊತ್ತಿರುವುದಿಲ್ಲ.

6. ಇವು ಕಂಡರೆ ಮನೆಯಲ್ಲಿ ಕೂರಬೇಡಿ

– ಮೂರು ತಿಂಗಳೊಳಗಿನ ಮಗುವಿಗೆ ಎಷ್ಟೇ ಜ್ವರವಿರಲಿ.
– ಕರೆದರೆ ಕಣ್ಣು ಬಿಡದಿರುವುದು, ಅತಿ ಮಂಪರು, ಸಮಾಧಾನವೇ ಆಗದ ಕೀರಲು ಅಳು.
– ಕತ್ತು ಬಿಗಿ, ಜೋರು ತಲೆನೋವು, ಎಳೆ ಮಗುವಿನ ನೆತ್ತಿ ಉಬ್ಬಿರುವುದು.
– ಉಸಿರು ಜೋರು. ಮಗು ಅಳದಿರುವಾಗ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. 2ರಿಂದ 12 ತಿಂಗಳವರಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದವರಿಗೆ 40 ಅಥವಾ ಹೆಚ್ಚು ಇದ್ದರೆ ನ್ಯುಮೋನಿಯಾ ಅನುಮಾನ. ಪಕ್ಕೆಲುಬಿನ ಕೆಳಗೆ ಒಳಸೆಳೆತ ಕಂಡರೆ ಎಣಿಸುತ್ತಾ ಕೂರದೆ ಹೊರಡಿ.
– ಕುಡಿದದ್ದೆಲ್ಲ ವಾಂತಿ, ಎಂಟು ಗಂಟೆ ಉಚ್ಚೆ ಇಲ್ಲ, ಅತ್ತರೆ ಕಣ್ಣೀರಿಲ್ಲ.
– ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು-ನೇರಳೆ ಚುಕ್ಕೆ. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಅಂಗೈ, ಅಂಗಾಲು, ಕಣ್ಣರೆಪ್ಪೆಯ ಒಳಭಾಗ ನೋಡಿ.
– 104 ದಾಟಿದ ಜ್ವರ, ಮೂರು ದಿನ ಮೀರಿದ ಜ್ವರ, ಬಿಟ್ಟು ಒಂದು ದಿನದ ಮೇಲೆ ಮತ್ತೆ ಬಂದ ಜ್ವರ.
– ಉಚ್ಚೆ ಹೊಯ್ಯುವಾಗ ಅಳು, ಕಿವಿನೋವು. ಇವಕ್ಕೆ ಓಡಬೇಕಿಲ್ಲ, ಆದರೆ ಅದೇ ದಿನ ತೋರಿಸಿ.

ನಮ್ಮ ಸೀಮೆಗೆ ಎರಡು ವಿಶೇಷ ಎಚ್ಚರ. ಒಂದು ಡೆಂಗ್ಯೂ. ಇದರಲ್ಲಿ ಮೋಸವೇನೆಂದರೆ, ಅಪಾಯ ಶುರುವಾಗುವುದು ಜ್ವರ ಬಿಟ್ಟ ಮೇಲೆ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ. ಮೈ ತಣ್ಣಗಾಯಿತು ಅಂತ ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತದೊತ್ತಡ ಕುಸಿಯಬಹುದು. ಜ್ವರ ಬಿಟ್ಟರೂ ಮಗು ಗೆಲುವಾಗದೆ ಹೊಟ್ಟೆನೋವು, ಪದೇ ಪದೇ ವಾಂತಿ, ವಸಡು-ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗೆ ಇದ್ದರೆ ನಡುರಾತ್ರಿಯಾದರೂ ಹೊರಡಿ. ಪಪ್ಪಾಯಿ ಎಲೆ ರಸ ಕುಡಿಸಿ ಬೆಳಗಾಗಲಿ ಎನ್ನಬೇಡಿ. ಅದರ ಕಹಿಗೆ ಆಗುವ ವಾಂತಿಯೇ ಇನ್ನಷ್ಟು ನೀರು ಕಳೆಯುತ್ತದೆ.

ಇನ್ನೊಂದು ಮೆದುಳು ಜ್ವರ, ಜಪಾನೀಸ್ ಎನ್ಸೆಫಲೈಟಿಸ್. ಮಂಡ್ಯದ ನಾಲೆ ಬಯಲಿನಂಥ ಭತ್ತದ ಗದ್ದೆಗಳ ನಿಂತ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ, ಹಂದಿ ಮತ್ತು ಕೊಕ್ಕರೆ ಜಾತಿಯ ಹಕ್ಕಿಗಳಿಂದ ವೈರಸ್ ಹೊತ್ತು ತರುತ್ತದೆ. ಜ್ವರದ ಜೊತೆ ಫಿಟ್ಸ್, ತಡಬಡಿಸುವ ಮಾತು, ಪ್ರಜ್ಞೆ ಮಸುಕಾಗುವುದು ಇದರ ಗುರುತು. ಲಸಿಕೆಯನ್ನು 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು ಕೊಡುತ್ತಾರೆ. ತಾಯಿ ಕಾರ್ಡಿನಲ್ಲಿ ‘ಜೆಇ’ ಎಂದಿರುವ ಕಡೆ ದಿನಾಂಕ ಬಿದ್ದಿದೆಯೇ ಎಂದು ಈಗಲೇ ನೋಡಿ.

7. ಜ್ವರದ ಫಿಟ್ಸ್ ಬಂದರೆ

ಆರು ತಿಂಗಳಿಂದ ಐದು ವರ್ಷದ ನಡುವಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐವರಿಗೆ ಜ್ವರದಲ್ಲಿ ಫಿಟ್ಸ್ ಬರುತ್ತದೆ. ನೋಡಲು ಎದೆಯೊಡೆಯುತ್ತದೆ, ಆದರೆ ಹೆಚ್ಚಿನವು ಒಂದೆರಡು ನಿಮಿಷಕ್ಕೆ ತಾನಾಗಿಯೇ ನಿಲ್ಲುತ್ತವೆ. ಮೊದಲು ಗಡಿಯಾರ ನೋಡಿ. ಮಗುವನ್ನು ನೆಲದ ಮೇಲೆ ಮಗ್ಗುಲಾಗಿ ಮಲಗಿಸಿ, ಜೊಲ್ಲು ವಾಂತಿ ಹೊರಗೆ ಹರಿಯಲಿ. ಕುತ್ತಿಗೆಯ ಗುಂಡಿ ಸಡಿಲಿಸಿ. ಕೈಗೆ ಬೀಗದ ಕೈ, ಮೂಗಿಗೆ ಈರುಳ್ಳಿ, ಬಾಯಿಗೆ ಚಮಚ, ಇವು ಯಾವುದೂ ಬೇಡ. ಚಮಚ ಹಲ್ಲು ಮುರಿಯುತ್ತದೆ, ಬಾಯಿಗೆ ಬಿಟ್ಟ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದುರುವ ಕೈಕಾಲು ಒತ್ತಿ ಹಿಡಿಯಬೇಡಿ. ಒಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡಲಿ, ಡಾಕ್ಟರಿಗೆ ಅದರಿಂದ ಬಹಳ ತಿಳಿಯುತ್ತದೆ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್. ಮೊದಲನೇ ಸಲ ಬಂದದ್ದಾದರೆ ನಿಂತ ಮೇಲೂ ಆಸ್ಪತ್ರೆಗೆ ತೋರಿಸಲೇಬೇಕು.

ಪ್ಯಾರಾಸಿಟಮಾಲ್ ಗಂಟೆ ಹಿಡಿದು ಕೊಟ್ಟರೆ ಫಿಟ್ಸ್ ತಡೆಯಬಹುದು ಎಂದು ಅನೇಕರು ನಂಬಿದ್ದಾರೆ. ತಡೆಯುವುದಿಲ್ಲ. ಅದಕ್ಕೆಂದು ಅಳತೆ ಮೀರಬೇಡಿ.

8. ಆಸ್ಪತ್ರೆಗೆ ಹೊರಡುವಾಗ

ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಸರ್ಕಾರಿಯವು. ಹತ್ತಿರದ ತಾಲ್ಲೂಕು ಆಸ್ಪತ್ರೆ ಮೊದಲು ಸಿಗುತ್ತದೆ ಎಂದರೆ ಅಲ್ಲಿಗೇ ಹೋಗಿ, ದೊಡ್ಡ ಆಸ್ಪತ್ರೆಯ ದಾರಿಯಲ್ಲಿ ಹೊತ್ತು ಕಳೆಯಬೇಡಿ. ಹೋಗುವುದೋ ಬೇಡವೋ ಎಂಬ ಅನುಮಾನವಿದ್ದರೆ 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ ಕೇಳಬಹುದು.

ಚೀಲದಲ್ಲಿ ತಾಯಿ ಕಾರ್ಡು, ಜ್ವರ ಬರೆದಿಟ್ಟ ನೋಟ್‌ಬುಕ್ಕು, ಒಂದು ಜೊತೆ ಬಟ್ಟೆ, ಕುಡಿಯುವ ನೀರು. ಜೊತೆಗೆ ಕೊಟ್ಟ ಔಷಧಿಯ ಬಾಟಲಿಗಳೆಲ್ಲ, ಸಿರಪ್ಪು, ಹೋಮಿಯೋಪತಿ ಡಬ್ಬಿ, ಕಷಾಯದ ಪುಡಿ, ಯಾರೋ ಕೊಟ್ಟ ಬೇರಿನ ತುಂಡು ಇದ್ದರೆ ಅದೂ. ಬೈಯುತ್ತಾರೆ ಅಂತ ಮುಚ್ಚಿಡುವವರೇ ಹೆಚ್ಚು. ಬೈದರೆ ಬೈಸಿಕೊಳ್ಳಿ. ಬೆಲ್ಲಡೋನಾದ ಗಟ್ಟಿ ರಸ ಹೊಟ್ಟೆಗೆ ಹೋಗಿದ್ದರೆ ಕಣ್ಣಿನ ಪಾಪೆ ದೊಡ್ಡದಾಗಿ, ಬಾಯಿ ಒಣಗಿ, ಮೈ ಬಿಸಿಯಾಗಿ, ಮಗು ತಡಬಡಿಸುತ್ತದೆ. ನೋಡಿದವರಿಗೆ ಮೆದುಳು ಜ್ವರದಂತೆಯೇ ಕಾಣುತ್ತದೆ. ಡಬ್ಬಿ ಕಣ್ಣೆದುರು ಇದ್ದರೆ ಡಾಕ್ಟರು ಬೇರೆ ದಾರಿಯಲ್ಲಿ ಹುಡುಕುತ್ತಾರೆ.

ಜ್ವರ ಬಿಟ್ಟು ಇಪ್ಪತ್ತನಾಲ್ಕು ಗಂಟೆ ಕಳೆದು, ಔಷಧಿಯಿಲ್ಲದೆ ಮೈ ತಣ್ಣಗಿದ್ದು, ಮಗು ಉಣ್ಣುತ್ತಿದ್ದರೆ ಅಂಗನವಾಡಿಗೋ ಶಾಲೆಗೋ ಕಳಿಸಬಹುದು. ತಲೆಗೆ ನೀರು ಹಾಕಲು ಮೂರು ದಿನ ಕಾಯಬೇಕೆಂಬ ಕಟ್ಟಳೆಯೇನಿಲ್ಲ, ಉಗುರುಬೆಚ್ಚಗಿನ ನೀರಿನ ಸ್ನಾನ ಜ್ವರವಿರುವಾಗಲೂ ಮಾಡಿಸಬಹುದು. ಒಂದು ವಾರ ಹಸಿವು ಹೆಚ್ಚಿರುತ್ತದೆ. ದಿನಕ್ಕೆ ಒಂದು ಹೊತ್ತು ಹೆಚ್ಚಿಗೆ, ಅನ್ನಕ್ಕೆ ಒಂದು ಚಮಚ ತುಪ್ಪ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ನೋಟ್‌ಬುಕ್ಕಿನ ಆ ಹಾಳೆಯಲ್ಲಿ ಮಗುವಿನ ತೂಕ ಬರೆದು ಎತ್ತಿಡಿ, ಮುಂದಿನ ಸಲ ಸಿರಪ್ ಅಳೆಯುವಾಗ ಬೇಕಾಗುತ್ತದೆ.